ಶಿರ್ವದ ಬೈಲಿಗೆ ಯಾವ ತೋಟೆ?

ಕಟಪಾಡಿಯಲ್ಲಿ ರಾಷ್ಟ್ರೀಯ ಹೆದ್ದಾರಿಯನ್ನು ಬಿಟ್ಟು ಪೂರ್ವಕ್ಕೆ ಹೊರಳುವ ಬಸ್ಸು ಮೊದಲು ಹಾಯುವುದು ಶಂಕರಪುರವನ್ನು. ಇಲ್ಲಿ ಮನೆಯಂಗಳವೇ ಮಲ್ಲಿಗೆ ತೋಟ. ಚೆಂಡು, ಅಟ್ಟೆಗಳ ಲೆಕ್ಕದಲ್ಲಿ ಮುಂಬಯಿಯವರೆಗೆ ಹೋಗುವ ಈ ಹೂವು ಉಡುಪಿ ಮಲ್ಲಿಗೆಯೆಂಬ ಹೆಸರಿನಲ್ಲಿ ಭೌಗೋಳಿಕ ಸೂಚಿಕೆಯನ್ನೂ ಪಡೆದಿದೆ. ಅಲ್ಲಿಂದ ಬಂಟಕಲ್ಲು, ಅದನ್ನು ದಾಟಿದರೆ ಶಿರ್ವ. ಬಸ್ಸಿನ ಬೋರ್ಡಿನಲ್ಲಿ ಶಿರ್ವ ಎಂದು ಬರೆದಿದ್ದರೂ ಪೇಟೆಗೆ ಊರವರ ಬಾಯಲ್ಲಿ ಮಂಚಕಲ್ ಎಂಬ ಹೆಸರೇ ರೂಢಿ. ಆರೋಗ್ಯ ಮಾತೆಯ ಇಗರ್ಜಿ, ಕಾಲೇಜುಗಳು, ಬ್ಯಾಂಕುಗಳು, ಪೊಲೀಸ್ ಠಾಣೆ, ಸಂಜೆಯಾದರೆ ಗಿಜಿಗುಟ್ಟುವ ಅಂಗಡಿ ಸಾಲು ಎಲ್ಲವೂ ಇರುವ ಈ ಊರನ್ನು ಹಳ್ಳಿ ಎನ್ನುವಂತಿಲ್ಲ. ಆದರೆ ಪೇಟೆಯಿಂದ ಅರ್ಧ ಮೈಲಿ ನಡೆದರೆ ಸಾಕು, ನೆಲ ತನ್ನ ಹಳೆಯ ರೂಪ ತೋರಿಸುತ್ತದೆ.

ತುಳುನಾಡಿನ ನೆಲಕ್ಕೆ ಮೂರು ಮೆಟ್ಟಿಲು. ತಗ್ಗಿನಲ್ಲಿ ನೀರು ನಿಲ್ಲುವ ಬೈಲು ಗದ್ದೆ, ಅದರ ಮೇಲೆ ಮಜಲು, ಇನ್ನೂ ಮೇಲೆ ಮಳೆಯನ್ನೇ ನಂಬಿದ ಬೆಟ್ಟು. ಮೂರೂ ಮುಗಿದಲ್ಲಿ ಮುರಕಲ್ಲಿನ ಗುಡ್ಡ. ಗುಡ್ಡದ ಮೇಲೆ ಗೇರು, ಅಕೇಶಿಯಾ, ಮುಳ್ಳುಪೊದೆ. ಅಂಚಿನಲ್ಲಿ ಒಂದು ಮನೆ, ಕೂಗಳತೆಯಲ್ಲಿ ಇನ್ನೊಂದು ಮನೆ. ಮಲೆನಾಡಿನಂತೆ ಇಲ್ಲಿ ಕಾಡು ಒಂದು ಕಡೆ, ಊರು ಇನ್ನೊಂದು ಕಡೆ ಎಂಬ ಗೆರೆಯಿಲ್ಲ. ಗುಡ್ಡ, ಮನೆ, ಗದ್ದೆ, ಮತ್ತೆ ಗುಡ್ಡ ಹೀಗೆ ಒಂದರೊಳಗೊಂದು ಹೆಣೆದುಕೊಂಡಿವೆ.

ಈ ಹೆಣಿಗೆಯ ನಡುವೆ ಹಗಲು ಮಲಗಿ ರಾತ್ರಿ ಏಳುವ ಒಂದು ಪ್ರಾಣಿಯಿದೆ, ಕಾಡುಹಂದಿ. ಏಣೆಲು ಬೆಳೆಯ ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಹಿಂಡು ಇಳಿದರೆ ಬೆಳಿಗ್ಗೆ ಗದ್ದೆ ಯಾರೋ ಅಡ್ಡಾದಿಡ್ಡಿ ಉತ್ತಂತೆ ಕಾಣುತ್ತದೆ. ತಿಂದದ್ದಕ್ಕಿಂತ ತುಳಿದದ್ದು, ಹೊರಳಾಡಿದ್ದು ಹೆಚ್ಚು. ಮರಗೆಣಸು, ಸಿಹಿಗೆಣಸು, ಎಳೆಯ ತೆಂಗಿನ ಸಸಿ ಯಾವುದೂ ಅದಕ್ಕೆ ವರ್ಜ್ಯವಲ್ಲ. ಆದ್ದರಿಂದಲೇ ಅಂಗಡಿ ಜಗಲಿಯ ಮಾತು ಮಳೆ, ಗೊಬ್ಬರ, ಆಳುಗಳ ಕೂಲಿಯನ್ನು ಮುಗಿಸಿದ ಮೇಲೆ ಕೋವಿಗೆ ಬಂದು ನಿಲ್ಲುತ್ತದೆ. ಹಂದಿಗೆ ಯಾವ ಕೋವಿ, ಯಾವ ತೋಟೆ? ಪ್ರಶ್ನೆ ಚಿಕ್ಕದು. ಉತ್ತರ ಹುಡುಕುತ್ತ ಹೋದರೆ ಭೌತಶಾಸ್ತ್ರ, ಕಾಯ್ದೆ, ಭೂಗೋಳ ಮೂರೂ ಎದುರಾಗುತ್ತವೆ.

ಹಂದಿಯೇ ದೈವ, ಹಂದಿಯೇ ವೈರಿ

ತುಳುವಿನಲ್ಲಿ ಹಂದಿಗೆ ಪಂಜಿ ಎನ್ನುತ್ತಾರೆ. ಪಂಜುರ್ಲಿ ದೈವದ ಹೆಸರು ಬಂದದ್ದು ‘ಪಂಜಿದ ಕುರ್ಲೆ’, ಅಂದರೆ ಹಂದಿಮರಿ ಎಂಬುದರಿಂದ ಎನ್ನುವುದುಂಟು. ತುಳುನಾಡಿನಲ್ಲಿ ಪಂಜುರ್ಲಿಯ ಸಾನ ಇಲ್ಲದ ಗ್ರಾಮ ಹುಡುಕುವುದು ಕಷ್ಟ. ಕೋಲದ ರಾತ್ರಿ ಹಂದಿಯ ಮೊಗ ಹೊತ್ತು ಕುಣಿಯುವ ಪಂಜುರ್ಲಿಯ ಮುಂದೆ ಕೈಮುಗಿದು ನಿಲ್ಲುವ ಬೇಸಾಯಗಾರ ಕೇಳಿಕೊಳ್ಳುವುದು ಬೆಳೆಯನ್ನು ಕಾಯೆಂದೇ. ಬೆಳೆ ತಿನ್ನುವವನನ್ನೇ ಬೆಳೆ ಕಾಯುವವನಾಗಿ ಕಂಡ ಹಿರಿಯರ ಬುದ್ಧಿ ಸಾಮಾನ್ಯದ್ದಲ್ಲ. ಗುಡ್ಡದ ಪಾಲು ಗುಡ್ಡಕ್ಕೆ, ಗದ್ದೆಯ ಪಾಲು ಗದ್ದೆಗೆ ಎಂಬ ಒಪ್ಪಂದ ಅದರಲ್ಲಿದೆ.

ಭಕ್ತಿ ಇತ್ತೆಂದು ಬೇಟೆ ಇರಲಿಲ್ಲವೆಂದಲ್ಲ. ಬೋಂಟೆ ಎಂದರೆ ಊರೇ ಕೂಡಿ ಹೋಗುವ ಕೆಲಸವಾಗಿತ್ತು. ಕೋಟಿ ಚೆನ್ನಯರ ಪಾಡ್ದನದಲ್ಲಿ ಪಂಜ ಮತ್ತು ಎಣ್ಮೂರಿನ ನಡುವೆ ಕಾಳಗಕ್ಕೆ ಕಾರಣವಾಗುವುದು ಒಂದು ಕಾಡುಹಂದಿಯೇ. ಹಂದಿ ಸತ್ತದ್ದು ಯಾರ ಗಡಿಯೊಳಗೆ ಎಂಬುದು ಅಲ್ಲಿಯ ತಗಾದೆ. ಬಾಣ ಎಲ್ಲಿಂದ ಹೊರಟಿತು, ಎಲ್ಲಿ ಹೋಗಿ ನಿಂತಿತು ಎಂಬ ಪ್ರಶ್ನೆ ತುಳುನಾಡಿಗೆ ಹೊಸದಲ್ಲ.

ಬಿಲ್ಲು ಬಾಣ, ಈಟಿಗಳ ಕಾಲ ಮುಗಿದ ಮೇಲೆ ಬಂದದ್ದು ಕೇಪಿನ ಕೋವಿ. ತುಳುವರು ಅದನ್ನು ‘ಬೆಡಿ’ ಎಂದರು. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರಿನ ಒತ್ತು ಕೊಟ್ಟು, ಗಜವೆಂಬ ಕಬ್ಬಿಣದ ಸರಳಿನಿಂದ ಗಿಡಿದು, ಮೇಲೆ ಸೀಸದ ಗುಂಡು ಹಾಕಿ, ಮತ್ತೊಂದು ಒತ್ತು ಕೊಟ್ಟು, ಹಿಂಬದಿಯ ಮೊಲೆಯ ಮೇಲೆ ಕೇಪು ಕೂರಿಸಿದರೆ ಒಂದು ಈಡು ತಯಾರು. ಎರಡನೆಯ ಈಡಿಗೆ ಇಷ್ಟೂ ಕೆಲಸ ಮತ್ತೆ ಮೊದಲಿನಿಂದ. ಅಷ್ಟು ಹೊತ್ತಿಗೆ ಹಂದಿ ಗುಡ್ಡ ಹತ್ತಿರುತ್ತಿತ್ತು, ಇಲ್ಲವೇ ಬೇಟೆಗಾರ ಮರ ಹತ್ತಿರುತ್ತಿದ್ದ.

ತೋಟೆ ಈ ತಾಪತ್ರಯವನ್ನು ಕೊನೆಗೊಳಿಸಿತು. ಕೇಪು, ಮದ್ದು, ಒತ್ತು, ಗುಂಡು ನಾಲ್ಕನ್ನೂ ಒಂದೇ ಕೊಳವೆಯಲ್ಲಿ ಅಡಕಗೊಳಿಸಿದ್ದೇ ತೋಟೆ, ಅರ್ಥಾತ್ ಕಾರ್ಟ್ರಿಜ್. ಅಂದಿನಿಂದ ಬೇಟೆಗಾರನ ಜಾಣ್ಮೆ ಕೋವಿ ತುಂಬುವುದರಲ್ಲಿ ಉಳಿಯಲಿಲ್ಲ, ತೋಟೆ ಆರಿಸುವುದಕ್ಕೆ ಸರಿಯಿತು.

ದೊಡ್ಡ ಬೇಟೆಯ ದೊಡ್ಡ ಲೆಕ್ಕ

ರೈಫಲಿನ ತೋಟೆ ಆರಿಸುವಾಗ ಶಿಕಾರಿಯವರು ಮೂರು ಪ್ರಶ್ನೆ ಕೇಳಿಕೊಳ್ಳುತ್ತಿದ್ದರು. ಪ್ರಾಣಿ ಎಷ್ಟು ದೊಡ್ಡದು? ಎಷ್ಟು ದೂರದಲ್ಲಿ ನಿಲ್ಲುತ್ತದೆ? ಗುಂಡು ಎಷ್ಟು ಆಳಕ್ಕೆ ಇಳಿಯಬೇಕು? ಶಾಲೆಯಲ್ಲಿ ಓದಿದ ಚಲನಶಕ್ತಿಯ ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಗುಂಡಿನ ಶಕ್ತಿ ಸಿಗುತ್ತದೆ. ಗುಂಡಿನ ತೂಕ ಎರಡು ಪಟ್ಟಾದರೆ ಶಕ್ತಿ ಎರಡು ಪಟ್ಟು. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಹಾಗೆಂದು ವೇಗವೊಂದೇ ಸಾಲದು. ಹಗುರ ಗುಂಡು ದಪ್ಪ ಚರ್ಮದ ಪ್ರಾಣಿಯ ಮೈಮೇಲೆಯೇ ಒಡೆದುಹೋದೀತು. ಭಾರದ ಗುಂಡು ನಿಧಾನವಾದರೂ ಎಲುಬು ಮುರಿದು ಒಳಗೆ ಇಳಿಯುತ್ತದೆ.

ಅಮೆರಿಕದಲ್ಲಿ 1906ರಲ್ಲಿ ಸೈನ್ಯಕ್ಕೆಂದು ಬಂದ ‘ಥರ್ಟಿ ಆಟ್ ಸಿಕ್ಸ್’ ತೋಟೆ ಜಿಂಕೆ ಬೇಟೆಗಾರರ ಅಚ್ಚುಮೆಚ್ಚಿನದಾಯಿತು. ಅದರ 11.7 ಗ್ರಾಂ ತೂಕದ ಗುಂಡು ನಳಿಗೆಯಿಂದ ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಹೊರಡುತ್ತದೆ. ಶಕ್ತಿ ಸುಮಾರು 3,900 ಜೂಲ್. ಜಿಂಕೆಗೆ ಇದು ಸಾಕಾಗಿ ಮಿಗುತ್ತದೆ. ಆಫ್ರಿಕದಲ್ಲಿ ಆನೆ, ಕಾಡೆಮ್ಮೆಗಳಿಗೆ ಇದು ಸಾಲದೆಂದು 1912ರಲ್ಲಿ ಬಂದ .375 ಹಾಲೆಂಡ್ ಆ್ಯಂಡ್ ಹಾಲೆಂಡ್ ತೋಟೆಯನ್ನು ಹಲವು ದೇಶಗಳು ಕನಿಷ್ಠ ಅಳತೆಯಾಗಿ ಇಟ್ಟುಕೊಂಡಿವೆ.

ಕನ್ನಡ ಓದುಗರಿಗೆ ಹೆಚ್ಚು ಪರಿಚಿತವಾದದ್ದು ಕೆನೆತ್ ಆಂಡರ್ಸನ್ ಅವರ ರೈಫಲ್. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕಾಡಿನ ಕತೆಗಳ ಮೂಲಕ ಮನೆಮಾತಾದ ಬೆಂಗಳೂರಿನ ಈ ಶಿಕಾರಿ (1910–1974) ನೆಚ್ಚಿದ್ದು .405 ವಿಂಚೆಸ್ಟರ್ ತೋಟೆಯನ್ನು. 19.4 ಗ್ರಾಂ ಗುಂಡು, ಸೆಕೆಂಡಿಗೆ ಸುಮಾರು 670 ಮೀಟರ್ ವೇಗ, ಸುಮಾರು 4,350 ಜೂಲ್ ಶಕ್ತಿ. ಪೊದೆಯ ಮರೆಯಿಂದ ಹತ್ತಿಪ್ಪತ್ತು ಗಜದಲ್ಲಿ ಎದ್ದು ಬರುವ ನರಭಕ್ಷಕನನ್ನು ನಿಂತಲ್ಲೇ ನಿಲ್ಲಿಸಲು ಭಾರದ ಗುಂಡೇ ಬೇಕಿತ್ತು. ಜಿಮ್ ಕಾರ್ಬೆಟ್ ಅವರಿಗೆ ಚಂಪಾವತಿಯ ಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಉಡುಗೊರೆಯಾಗಿ ಬಂದ .275 ರಿಗ್ಬಿಯಾದರೋ ಹಗುರ ಗುಂಡಿನದು. ಗುರಿ ತಪ್ಪದ ಕೈಗೆ ಅದೂ ಸಾಕಾಯಿತು.

ಭಾರತದಲ್ಲಿ ತೋಟೆಯ ಆಯ್ಕೆ ಪೂರ್ತಿ ಶಿಕಾರಿಯವರ ಕೈಯಲ್ಲಿ ಎಂದೂ ಇರಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಸೈನ್ಯದ ಗುಂಡುಗಳು ಬಂಡುಕೋರರ ಕೈಗೆ ಸಿಕ್ಕಾವೆಂಬ ಭಯದಿಂದ ಬ್ರಿಟಿಷ್ ಸರ್ಕಾರ 1907ರಲ್ಲಿ .450 ಅಳತೆಯ ರೈಫಲುಗಳನ್ನು ದೇಶಕ್ಕೆ ತರುವುದನ್ನೇ ತಡೆಯಿತು. ಕೂಡಲೇ ಇಂಗ್ಲೆಂಡಿನ ತಯಾರಕರು .465, .470, .475 ಎಂದು ಕೂದಲೆಳೆಯಷ್ಟು ವ್ಯತ್ಯಾಸದ ಹೊಸ ತೋಟೆಗಳನ್ನು ತಂದರು. ಸೈನ್ಯದ .303 ಜನಸಾಮಾನ್ಯರಿಗೆ ನಿಷಿದ್ಧವಾದ್ದರಿಂದ .315 ಅಳತೆಯ ಸ್ಪೋರ್ಟಿಂಗ್ ರೈಫಲ್ ಬಳಕೆಗೆ ಬಂತು. ಸ್ವಾತಂತ್ರ್ಯಾನಂತರ ನಮ್ಮದೇ ಸರ್ಕಾರಿ ಕಾರ್ಖಾನೆಗಳು ಅದನ್ನು ತಯಾರಿಸಿದವು. ಹೀಗೆ ಪ್ರಾಣಿಯ ಗಾತ್ರದಷ್ಟೇ ಸರ್ಕಾರದ ಕಾಯ್ದೆಯೂ ಗುಂಡಿನ ಅಳತೆಯನ್ನು ನಿರ್ಧರಿಸುತ್ತ ಬಂದಿದೆ.

ಕಾಯ್ದೆ ಎಳೆದ ಗೆರೆ

ಇಂದು ಶಿರ್ವದಲ್ಲಾಗಲಿ ಕಾರ್ಕಳದ ಆಚೆ ಘಟ್ಟದ ಬುಡದಲ್ಲಾಗಲಿ ಜಿಂಕೆಗೆ ಯಾವ ತೋಟೆ ಎಂಬ ಪ್ರಶ್ನೆ ಏಳುವುದೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಕಡಿವಾಣ ಹಾಕಿತು. ಪರವಾನಗಿ ಪಡೆದು ಆಡುವ ಬೇಟೆಗೂ 1991ರ ತಿದ್ದುಪಡಿ ಕೊನೆ ಹಾಡಿತು. ಜಿಂಕೆ, ಕಡವೆ, ಕಾಡುಕುರಿ, ಬರಿಂಕ, ಕಾಟಿ ಎಲ್ಲವೂ ಕಾಯ್ದೆಯ ರಕ್ಷಣೆಯಲ್ಲಿವೆ. ಘಟ್ಟದ ಬುಡದ ಸೋಮೇಶ್ವರ ಅಭಯಾರಣ್ಯವೂ ಮೇಲಿನ ಕುದುರೆಮುಖ ರಾಷ್ಟ್ರೀಯ ಉದ್ಯಾನವೂ ಅವುಗಳ ನೆಲೆ. ದೊಡ್ಡ ಬೇಟೆಯ ತೋಟೆ ಈಗ ಪುಸ್ತಕದ ವಿಷಯ.

ಕಾಡುಹಂದಿಯೂ ರಕ್ಷಿತ ಪ್ರಾಣಿಯೇ. ಆದರೆ ಪ್ರಾಣಕ್ಕೆ ಅಥವಾ ಆಸ್ತಿಗೆ ಅಪಾಯ ತರುವ, ನಿಂತ ಬೆಳೆಯನ್ನು ಹಾಳುಮಾಡುವ ಇಂಥ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಲಿಖಿತ ಆದೇಶ ಕೊಡಬಹುದೆಂದು ಕಾಯ್ದೆಯ 11ನೇ ಕಲಮು ಹೇಳುತ್ತದೆ. ಗಡಿಯಾಚೆಯ ಕಾಸರಗೋಡು ಸೇರಿದಂತೆ ಕೇರಳದಲ್ಲಿ 2022ರಲ್ಲಿ ಈ ಆದೇಶ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೇ ವಹಿಸಲಾಯಿತು. ಹೇಗಿದ್ದರೂ ಆದೇಶವಿಲ್ಲದೆ ಹಾರಿಸಿದ ಗುಂಡು ಅಪರಾಧ. ಸತ್ತ ಹಂದಿ ಸರ್ಕಾರದ ಸ್ವತ್ತು. ಬೆಳೆ ರಕ್ಷಣೆಗೆಂದು ಕೋವಿಯ ಪರವಾನಗಿ ಇದ್ದ ಮಾತ್ರಕ್ಕೆ ಹಂದಿಯನ್ನು ಹೊಡೆಯುವ ಪರವಾನಗಿ ಇದೆಯೆಂದು ಅರ್ಥವಲ್ಲ. ಇವೆರಡನ್ನೂ ಒಂದೇ ಎಂದು ತಿಳಿದವರು ಊರೂರಲ್ಲಿ ಇದ್ದಾರೆ.

ಕೋವಿಯ ಪರವಾನಗಿಯದು ಬೇರೆಯೇ ಕಾಯ್ದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಎರಡು ಬಗೆಯ ಕೋವಿಗಳಿಗೆ ದಾರಿ ಸುಗಮಗೊಳಿಸಿದೆ. ಸ್ವರಕ್ಷಣೆಗೆ ಅಥವಾ ಕ್ರೀಡೆಗೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಕೋವಿ. ನಿಜವಾದ ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿ. ರೈಫಲಿಗೆ ಈ ಸುಗಮ ದಾರಿಯಿಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದ್ದು, 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಲಾಯಿತು. ಕರಾವಳಿಯ ಬೇಸಾಯಗಾರನಿಗೆ ಅಂಥ ವಿನಾಯಿತಿಯಿಲ್ಲ.

ಹಾಗಾಗಿ ಶಿರ್ವದ ಗುಡ್ಡದಂಚಿನ ಮನೆಯ ಅಟ್ಟದಲ್ಲಿ ಕೋವಿಯೊಂದು ಇದ್ದರೆ ಅದು ಅಜ್ಜನ ಕಾಲದ ಕೇಪಿನದು, ಇಲ್ಲವೇ ಒಂಟಿ ಅಥವಾ ಜೋಡಿ ನಳಿಗೆಯ ಹನ್ನೆರಡು ಬೋರಿನದು.

ಹನ್ನೆರಡು ಬೋರಿನ ಗಣಿತ

‘ಹನ್ನೆರಡು ಬೋರು’ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಹನ್ನೆರಡು ಏನು ಎಂದರೆ ಹೇಳುವವರು ಕಡಿಮೆ. ಅದು ಅಂಗುಲವೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡು ಸೀಸವನ್ನು ಹನ್ನೆರಡು ಸಮಪಾಲು ಮಾಡಿ ಪ್ರತಿಯೊಂದನ್ನೂ ಉಂಡೆ ಕಟ್ಟಿದರೆ ಆ ಉಂಡೆ ಯಾವ ನಳಿಗೆಗೆ ಸರಿಯಾಗಿ ಹೊಂದುತ್ತದೋ ಅದು ಹನ್ನೆರಡು ಬೋರು. ಪ್ರೌಢಶಾಲೆಯ ವಿದ್ಯಾರ್ಥಿಯೂ ಇದನ್ನು ಲೆಕ್ಕ ಹಾಕಿ ನೋಡಬಹುದು. 453.6 ಗ್ರಾಮನ್ನು 12ರಿಂದ ಭಾಗಿಸಿದರೆ 37.8 ಗ್ರಾಂ. ಸೀಸದ ಸಾಂದ್ರತೆ 11.34. ಆದ್ದರಿಂದ ಉಂಡೆಯ ಗಾತ್ರ 3.33 ಘನ ಸೆಂಟಿಮೀಟರ್, ವ್ಯಾಸ ಸುಮಾರು 18.5 ಮಿಲಿಮೀಟರ್. ಪೌಂಡನ್ನು ಹದಿನಾರು ಪಾಲು ಮಾಡಿದರೆ ಉಂಡೆ ಚಿಕ್ಕದಾಗುವುದರಿಂದ ಹದಿನಾರು ಬೋರಿನ ನಳಿಗೆ ಹನ್ನೆರಡಕ್ಕಿಂತ ಸಣ್ಣದು. ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದು ಎಂಬ ಈ ತಿರುವು ಹೊಸಬರನ್ನು ಗೊಂದಲಕ್ಕೆ ಕೆಡಹುತ್ತದೆ.

ಇದೇ ನಳಿಗೆಯಲ್ಲಿ ಬಗೆಬಗೆಯ ತೋಟೆ ಹಾಕಬಹುದು. ಪುಣೆ ಬಳಿಯ ಖಡಕಿಯಲ್ಲಿ 1869ರಲ್ಲಿ ಆರಂಭವಾದ ಸರ್ಕಾರಿ ಮದ್ದುಗುಂಡು ಕಾರ್ಖಾನೆಯ ತೋಟೆಗಳು ಹಳಬರಿಗೆ ಪರಿಚಿತ. ಹೊರಗೆ ಬರೆದ ಅಂಕೆ, ಅಕ್ಷರಗಳೇ ಒಳಗಿನ ಚರೆಯ ಅಳತೆ. ಬ್ರಿಟಿಷ್ ಪದ್ಧತಿಯ ಲೆಕ್ಕದಲ್ಲಿ 6ನೇ ನಂಬರಿನ ಚರೆ ಒಂದು ಔನ್ಸಿಗೆ, ಅಂದರೆ ಸುಮಾರು 28 ಗ್ರಾಂ ಸೀಸಕ್ಕೆ, 270 ಕಾಳು. 4ನೇ ನಂಬರು 170 ಕಾಳು. ಬಿಬಿ 70 ಕಾಳು. ಎಸ್‌ಜಿ ಎಂಟೇ ಗುಂಡು. ಎಲ್‌ಜಿ ಬರೀ ಆರು ಗುಂಡು. ಇವಲ್ಲದೆ ಇಡೀ ತೂಕವನ್ನು ಒಂದೇ ಗುಂಡಿಗೆ ಕೊಟ್ಟ ಒಂಟಿ ಗುಂಡಿನ ತೋಟೆಯೂ ಉಂಟು.

ಸೀಸದ ತೂಕ ಹೆಚ್ಚುಕಡಿಮೆ ಒಂದೇ, ಮದ್ದೂ ಹೆಚ್ಚುಕಡಿಮೆ ಒಂದೇ. ಸೆಕೆಂಡಿಗೆ 380 ಮೀಟರ್ ವೇಗವೆಂದು ಹಿಡಿದರೆ ಒಂದು ಔನ್ಸು ಚರೆಯ ಒಟ್ಟು ಶಕ್ತಿ ಸುಮಾರು 2,000 ಜೂಲ್. ಈ ಗಂಟನ್ನು ಎಷ್ಟು ಜನರಿಗೆ ಹಂಚುತ್ತೇವೆ ಎಂಬುದೇ ಪ್ರಶ್ನೆ. ಎಲ್‌ಜಿಯ ಒಂದೊಂದು ಗುಂಡಿಗೆ 340 ಜೂಲಿನಷ್ಟು ಬಂದರೆ, 6ನೇ ನಂಬರಿನ ಒಂದು ಕಾಳಿಗೆ ಬರುವುದು ಏಳೆಂಟು ಜೂಲ್ ಮಾತ್ರ. ಬಲಿತ ಗಂಡು ಹಂದಿಯ ಹೆಗಲ ಮೇಲೆ ಗುರಾಣಿಯಂತೆ ದಪ್ಪ ತೊಗಲು ಬೆಳೆದಿರುತ್ತದೆ. ಅದರ ಮೇಲೆ ಹಕ್ಕಿಯ ಚರೆ ಬಿದ್ದರೆ ಹಂದಿ ಸಾಯುವುದಿಲ್ಲ, ಕೆರಳುತ್ತದೆ. ಗಾಯವಾಗಿ ಪೊದೆ ಸೇರಿದ ಹಂದಿ ಮರುದಿನ ಸೊಪ್ಪು ತರಲು ಹೋದವರ ಮೇಲೆ ಏರಿ ಬಂದೀತು. ಗಾಯ ಕೊಳೆತು ದಿನಗಟ್ಟಲೆ ನರಳಿಯೂ ಸತ್ತೀತು. ಆದೇಶ ಕೈಯಲ್ಲಿದ್ದು ಹಂದಿಯನ್ನು ಕೊಲ್ಲಲೇಬೇಕಾದ ಸಂದರ್ಭದಲ್ಲಿ ಅನುಭವಿಗಳು ಎಲ್‌ಜಿ ಇಲ್ಲವೇ ಒಂಟಿ ಗುಂಡನ್ನಲ್ಲದೆ ಬೇರೇನನ್ನೂ ಮುಟ್ಟದಿರುವುದು ಇದಕ್ಕೇ.

ಎಲ್‌ಜಿಗೂ ಮಿತಿಯಿದೆ. ಚೋಕು ಇಲ್ಲದ ನಳಿಗೆಯಿಂದ ಹೊರಟ ಚರೆ 30 ಗಜ ಹೋಗುವಷ್ಟರಲ್ಲಿ ಒಂದು ಮೀಟರಿಗೂ ಅಗಲವಾಗಿ ಹರಡುತ್ತದೆ. ಆರು ಗುಂಡುಗಳಲ್ಲಿ ಹಂದಿಗೆ ತಾಗುವುದು ಎಷ್ಟು, ಅದರಲ್ಲಿ ಮರ್ಮಕ್ಕೆ ತಾಗುವುದು ಎಷ್ಟು? ಇಪ್ಪತ್ತೈದು ಗಜದೊಳಗಾದರೆ ಭರವಸೆ, ನಲವತ್ತು ದಾಟಿದರೆ ಅದೃಷ್ಟ. ಕತ್ತಲಲ್ಲಿ ಟಾರ್ಚಿನ ಬೆಳಕು ನಿಚ್ಚಳವಾಗಿ ಮುಟ್ಟುವುದೂ ಹೆಚ್ಚುಕಡಿಮೆ ಅಷ್ಟೇ ದೂರ.

ಕರಾವಳಿಯ ಮಳೆಯನ್ನೂ ಲೆಕ್ಕಕ್ಕೆ ಸೇರಿಸಬೇಕು. ಹಿಂದಿನ ಕಾಗದದ ತೋಟೆಗಳು ಆಟಿಯ ತೇವಕ್ಕೆ ಉಬ್ಬಿ ನಳಿಗೆಯೊಳಗೆ ಕೂರುತ್ತಿರಲಿಲ್ಲ. ಕೂತದ್ದು ಹೊರಗೆ ಬರುತ್ತಿರಲಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಉಪ್ಪು, ಹುಳಿ, ಹಪ್ಪಳದ ಡಬ್ಬದ ಪಕ್ಕದಲ್ಲೇ ತೋಟೆಯ ಡಬ್ಬವನ್ನೂ ಬೆಚ್ಚಗಿಡುತ್ತಿದ್ದ ಕಾಲವದು. ಬೆಂಕಿಯ ಮೇಲೆ ಮದ್ದಿಡುವ ಅಪಾಯ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಪ್ಲಾಸ್ಟಿಕ್ ಕೊಳವೆಯ ತೋಟೆ ಬಂದ ಮೇಲೆ ಉಬ್ಬುವ ಕಾಟ ತಪ್ಪಿತು. ಹಿತ್ತಾಳೆಯ ಬುಡಕ್ಕೆ ಕಿಲುಬು ಹಿಡಿಯುವುದು ಮಾತ್ರ ತಪ್ಪಲಿಲ್ಲ.

ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ?

ಮುಂಬಯಿಯಿಂದಲೋ ದುಬಾಯಿಯಿಂದಲೋ ರಜೆಗೆ ಬಂದ ಅಳಿಯಂದಿರು ಹಾಳಾದ ಗದ್ದೆಯ ಹುಣಿಯ ಮೇಲೆ ನಿಂತು ಕೇಳುವ ಪ್ರಶ್ನೆಯೊಂದಿದೆ: “ಮಾವ, ಈ ಹಳೆ ಕೋವಿ ಎಂತಕ್ಕೆ? ಒಂದು ರೈಫಲ್ ಇದ್ದಿದ್ರೆ ದೂರದಿಂದಲೇ ಒಂದು ಈಡಿಗೆ ಮುಗಿಸಬಹುದಿತ್ತಲ್ಲ?”

ಮಾವಂದಿರ ಉತ್ತರವೂ ಸಾಮಾನ್ಯವಾಗಿ ಒಂದೇ: “ಮುಗಿಯುವುದು ಹಂದಿ ಮಾತ್ರ ಆದ್ರೆ ತೊಂದ್ರೆ ಇಲ್ಲ ಮಾರಾಯ. ಗದ್ದೆಯ ಆಚೆ ಮನೆ ಉಂಟು, ಮನೆಯಲ್ಲಿ ಮಕ್ಕಳುಂಟು.”

ರೈಫಲಿನ ನಳಿಗೆಯ ಒಳಗೆ ತಿರುಪಿನಂತೆ ಗೀರುಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರ ಓಡಿಸುತ್ತವೆ. ಥರ್ಟಿ ಆಟ್ ಸಿಕ್ಸಿನಂಥ ಗುಂಡು ಎತ್ತರಿಸಿ ಹಾರಿಸಿದರೆ ನಾಲ್ಕು ಕಿಲೋಮೀಟರಿನಾಚೆಯೂ ಹೋಗಿ ಬೀಳಬಲ್ಲದು. ಮಂಚಕಲ್ಲಿನಿಂದ ಯಾವ ದಿಕ್ಕಿಗೆ ನಾಲ್ಕು ಕಿಲೋಮೀಟರ್ ಅಳೆದರೂ ಅಷ್ಟರೊಳಗೆ ಎಷ್ಟು ಮನೆ, ಎಷ್ಟು ಶಾಲೆ, ಎಷ್ಟು ಬಸ್ ನಿಲ್ದಾಣ ಸಿಗುತ್ತವೆ ಎಂಬುದನ್ನು ಊರವರೇ ಎಣಿಸಿಕೊಳ್ಳಬಹುದು. ದುಂಡು ಚರೆಗೆ ಗಾಳಿಯ ತಡೆ ಹೆಚ್ಚು. ಅದು ಬೇಗ ಸೋಲುತ್ತದೆ. ಫ್ರೆಂಚ್ ಸೇನಾಧಿಕಾರಿ ಜುರ್ನೆ ಕಂಡುಕೊಂಡ ಸುಲಭ ಸೂತ್ರವೊಂದಿದೆ. ಸೀಸದ ದುಂಡುಗುಂಡಿನ ವ್ಯಾಸವನ್ನು ಅಂಗುಲದಲ್ಲಿ ಅಳೆದು 2,200ರಿಂದ ಗುಣಿಸಿದರೆ ಅದು ಹೋಗಬಹುದಾದ ಗರಿಷ್ಠ ದೂರ ಗಜಗಳಲ್ಲಿ ಸಿಗುತ್ತದೆ. 6ನೇ ನಂಬರಿನ ಚರೆಗೆ ಇದು ಸುಮಾರು 220 ಗಜ. 0.36 ಅಂಗುಲದ ಎಲ್‌ಜಿಗೆ 800 ಗಜದ ಹತ್ತಿರ. ಹನ್ನೆರಡು ಬೋರಿನ ದುಂಡು ಒಂಟಿ ಗುಂಡಿಗೆ 1,600 ಗಜ.

ಎಂದರೆ ಎಲ್‌ಜಿಯೂ ನಿರಪಾಯವಲ್ಲ. ಗುರಿ ತಪ್ಪಿದ ಗುಂಡು ಮುಕ್ಕಾಲು ಕಿಲೋಮೀಟರಿನವರೆಗೆ ಹೋಗಬಹುದಾದರೆ ಅದನ್ನು ನೆಲಕ್ಕೆ ಇಳಿಸಿಯೇ ಹಾರಿಸಬೇಕು. ಗದ್ದೆ ಕಾಯಲು ಹಿರಿಯರು ಕಟ್ಟುತ್ತಿದ್ದ ಎತ್ತರದ ಮಾಳದ ಪ್ರಯೋಜನ ಇಲ್ಲಿ ಅರ್ಥವಾಗುತ್ತದೆ. ಮೇಲಿಂದ ಕೆಳಕ್ಕೆ ಹಾರಿಸಿದ ಗುಂಡು ತಪ್ಪಿದರೂ ಬೈಲಿನ ಕೆಸರಲ್ಲಿ ಹೂತುಹೋಗುತ್ತದೆ. ಅದೇ ಗುಂಡು ಗುಡ್ಡದ ಮುರಕಲ್ಲಿಗೆ ಬಡಿದರೆ ಪುಟಿದು ಎತ್ತ ಹೋದೀತೆಂದು ಹೇಳಲಾಗದು. ಕೆಸರು ಗುಂಡನ್ನು ನುಂಗುತ್ತದೆ, ಕಲ್ಲು ತಿರುಗಿಸಿ ಎಸೆಯುತ್ತದೆ.

ಇದು ಶಿರ್ವದ ಒಂದು ಸಮಸ್ಯೆಯಲ್ಲ. ಅಮೆರಿಕದ ಇಲಿನಾಯ್, ಅಯೋವಾ, ಓಹಾಯೊಗಳಂಥ ರಾಜ್ಯಗಳು ಸಮತಟ್ಟಾದ ಜೋಳದ ಹೊಲಗಳ ಸೀಮೆ. ಹೊಲಗಳ ನಡುವೆ ಮನೆಗಳು. ಅಲ್ಲಿ ದಶಕಗಳ ಕಾಲ ಜಿಂಕೆ ಬೇಟೆಗೆ ಸಾಮಾನ್ಯ ರೈಫಲನ್ನು ಬಿಡದೆ, ಶಾಟ್‌ಗನ್ನಿನ ಒಂಟಿ ಗುಂಡನ್ನೇ ಕಡ್ಡಾಯ ಮಾಡಿದ್ದರು. ಈಚೆಗೆ ಸಡಿಲಿಕೆ ಬಂದಾಗಲೂ ಮೊದಲು ಒಪ್ಪಿಗೆ ಸಿಕ್ಕಿದ್ದು ಹೆಚ್ಚು ದೂರ ಹೋಗದ ಬಗೆಯ ತೋಟೆಗಳಿಗೆ. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆ ಇನ್ನೊಂದು ತುದಿಯಿಂದ ಯೋಚಿಸುತ್ತದೆ. ಜಿಂಕೆ ನರಳಬಾರದೆಂದು ಅಲ್ಲಿ ರೈಫಲಿನ ಅಳತೆಗೆ .240 ಅಂಗುಲ ಮತ್ತು ಶಕ್ತಿಗೆ 1,700 ಅಡಿ-ಪೌಂಡು, ಅಂದರೆ ಸುಮಾರು 2,300 ಜೂಲ್, ಎಂಬ ಕೆಳಗಿನ ಮಿತಿಯಿದೆ. ಒಂದು ಕಾಯ್ದೆ ಪ್ರಾಣಿಯನ್ನು ನೋಡಿ ತೋಟೆ ಆರಿಸುತ್ತದೆ. ಇನ್ನೊಂದು ಪ್ರಾಣಿಯ ಹಿಂದೆ ಏನಿದೆಯೆಂದು ನೋಡಿ ಆರಿಸುತ್ತದೆ. ಶಿರ್ವದ ಬೈಲಿನಲ್ಲಿ ಹಂದಿಯ ಹಿಂದೆ ಯಾವಾಗಲೂ ಯಾರದೋ ಮನೆಯ ದೀಪ ಉರಿಯುತ್ತಿರುತ್ತದೆ.

ಕೋವಿಯಿದೆ, ಕಾಯುವವರಿಲ್ಲ

ನಿಜ ಹೇಳಬೇಕೆಂದರೆ ಈ ಭಾಗದ ಕೋವಿಗಳು ಹೆಚ್ಚು ದುಡಿದದ್ದು ಕೊಲ್ಲುವುದಕ್ಕಲ್ಲ, ಬೆದರಿಸುವುದಕ್ಕೆ. ಗುಂಡಿಲ್ಲದ ಬರೀ ಮದ್ದಿನ ಈಡು ಹಂದಿಯನ್ನು ಗುಡ್ಡಕ್ಕೆ ಅಟ್ಟಲು ಸಾಕು. ಕೋವಿ ಇಲ್ಲದವರಿಗೆ ಗರ್ನಾಲು, ತಗಡಿನ ಡಬ್ಬ, ನಾಯಿ. ಗದ್ದೆಯ ಸುತ್ತ ಹಳೆಯ ಸೀರೆ ಕಟ್ಟುವುದು, ಸೌರಬೇಲಿ ಹಾಕುವುದು ಈಚಿನ ಉಪಾಯಗಳು. ಎಲ್ಲಕ್ಕೂ ಹಂದಿ ಕೆಲವು ದಿನ ಹೆದರಿ ಮತ್ತೆ ಒಗ್ಗಿಕೊಳ್ಳುತ್ತದೆ. ಒಗ್ಗದೆ ಉಳಿಯುವುದು ಒಂದಕ್ಕೇ, ರಾತ್ರಿ ಎದ್ದು ಗದ್ದೆಗೆ ಬರುವ ಮನುಷ್ಯನಿಗೆ.

ಆ ಮನುಷ್ಯನೇ ಈಗ ಕಡಿಮೆಯಾಗಿದ್ದಾನೆ. ಮುಂಬಯಿಯ ಹೋಟೆಲು, ಕೊಲ್ಲಿಯ ನೌಕರಿ, ಬೆಂಗಳೂರಿನ ಕಚೇರಿಗಳು ಒಂದೊಂದು ಮನೆಯಿಂದಲೂ ಗಟ್ಟಿ ಕೈಗಳನ್ನು ಕರೆದುಕೊಂಡು ಹೋಗಿವೆ. ಉಳಿದವರು ವಯಸ್ಸಾದವರು. ಚುನಾವಣೆ ಘೋಷಣೆಯಾದರೆ ಕೋವಿಯನ್ನು ಹೊತ್ತು ಠಾಣೆಯಲ್ಲಿ ಠೇವಣಿಯಿಡಬೇಕು, ಮುಗಿದ ಮೇಲೆ ತರಬೇಕು, ಅವಧಿ ತಪ್ಪದೆ ಪರವಾನಗಿ ನವೀಕರಿಸಬೇಕು. ಎಪ್ಪತ್ತು ದಾಟಿದ ಅಜ್ಜನಿಗೆ ಈ ಓಡಾಟ ಸಾಕೆನಿಸಿ ಕೋವಿಯನ್ನೇ ಒಪ್ಪಿಸಿಬಿಡುವುದುಂಟು. ಕೋವಿ ಹೋದ ಮನೆಯ ಗದ್ದೆ ಒಂದೆರಡು ವರ್ಷದಲ್ಲಿ ಹಡಿಲು ಬೀಳುತ್ತದೆ. ಹಡಿಲು ಬಿದ್ದ ಗದ್ದೆಯಲ್ಲಿ ಪೊದೆ ಏಳುತ್ತದೆ. ಪೊದೆಯಲ್ಲಿ ಹಂದಿ ಈಯುತ್ತದೆ, ಒಂದು ಸೂಲಿಗೆ ನಾಲ್ಕಾರು ಮರಿ. ಆ ಮರಿಗಳು ಪಕ್ಕದವನ ಗದ್ದೆಗೆ ಇಳಿಯುತ್ತವೆ. ಮುಂದಿನ ವರ್ಷ ಪಕ್ಕದವನೂ ಉಳುವುದಿಲ್ಲ.

ಸಹನೆ ಮುಗಿದ ಕಡೆ ಉರುಳು ಬರುತ್ತದೆ. ಬೈಕಿನ ಬ್ರೇಕಿನ ತಂತಿಗೆ ಪರವಾನಗಿಯೂ ಬೇಡ, ಸದ್ದೂ ಇಲ್ಲ. ಆದರೆ ಉರುಳಿಗೆ ಕಣ್ಣಿಲ್ಲ. ಹಂದಿಗೆಂದು ಒಡ್ಡಿದ್ದರಲ್ಲಿ ಚಿರತೆ ಸಿಕ್ಕಿ ಸೊಂಟ ಕೊಯ್ದುಕೊಂಡ ಸುದ್ದಿ ಕರಾವಳಿಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಈ ಗುಡ್ಡಗಳಲ್ಲಿ ಹಂದಿಮರಿಯನ್ನು ಹಿಡಿದು ತಿನ್ನಲು ಉಳಿದಿರುವ ದೊಡ್ಡ ಬೇಟೆಗಾರನೆಂದರೆ ಚಿರತೆ ಒಂದೇ. ಅದನ್ನೇ ಕೊಂದು ಹಂದಿಯ ಕಾಟ ಹೆಚ್ಚಿತೆಂದು ದೂರುವುದು ಕೂತ ಕೊಂಬೆಯನ್ನು ಕಡಿದಂತೆ.

ಉಡುಪಿ ವಿಧಾನಸಭಾ ಕ್ಷೇತ್ರದಲ್ಲಿ 2021ರಲ್ಲಿ ಕೇದಾರೋತ್ಥಾನ ಟ್ರಸ್ಟಿನ ಮೂಲಕ ಹಡಿಲು ಗದ್ದೆಗಳನ್ನು ಮತ್ತೆ ಉತ್ತು ಬಿತ್ತಿದ ಪ್ರಯತ್ನ ನಡೆಯಿತು. ಅದರ ಉದ್ದೇಶ ಭತ್ತವೇ ಹೊರತು ಹಂದಿಯಲ್ಲ. ಆದರೆ ಸಾಲಾಗಿ ಹತ್ತು ಗದ್ದೆ ಹಸಿರಾಗಿದ್ದು ಹತ್ತು ಮನೆಯವರು ಸರದಿಯಲ್ಲಿ ಕಾದರೆ ಹಂದಿಗೆ ಅಡಗುವ ಜಾಗವೇ ಇರುವುದಿಲ್ಲ. ನಡುವೆ ಒಂದೇ ಗದ್ದೆ ಉತ್ತು ಸುತ್ತ ಒಂಬತ್ತು ಹಡಿಲು ಬಿಟ್ಟರೆ ಉತ್ತವನಿಗೆ ಯಾವ ತೋಟೆಯೂ ಸಾಲದು.

ಶಿರ್ವಕ್ಕೆ ಬರುವವರು ನಡಿಬೆಟ್ಟಿನ ಕಂಬಳ ಗದ್ದೆಯನ್ನೂ ಆರೋಗ್ಯ ಮಾತೆಯ ಇಗರ್ಜಿಯನ್ನೂ ನೋಡಿಕೊಂಡು ಬಂಟಕಲ್ಲಿನ ದಾರಿಯಲ್ಲಿ ಸಂಜೆ ಒಂದಿಷ್ಟು ನಡೆಯಬೇಕು. ಏಣೆಲು ತೆನೆಯ ದಿನಗಳಾದರೆ ಬೈಲಿನ ಕಡೆಯಿಂದ ಡಬ್ಬ ಬಡಿಯುವ ಸದ್ದು, ನಾಯಿಯ ಬೊಗಳು ಕೇಳಿಸಬಹುದು. ಅಪರೂಪಕ್ಕೊಮ್ಮೆ ಢಂ ಎಂಬ ಒಂಟಿ ಈಡೂ ಕೇಳಿಸೀತು. ಆ ಸದ್ದು ಬಂದ ಕಡೆ ಇನ್ನೂ ಒಂದು ಗದ್ದೆ ಉಳುಮೆಯಲ್ಲಿದೆ, ಅದನ್ನು ಕಾಯಲು ಒಬ್ಬರು ಎದ್ದು ಕೂತಿದ್ದಾರೆ.